ಪಾರ್ಟಿಷನ್‌ಗೆ ಕೈ ಹಚ್ಚುವ ಮೊದಲು: ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಮತ್ತು ಮೌಂಟ್ ಪಾಯಿಂಟ್ ಹೊಂದಿಸಿಕೊಳ್ಳುವುದು

ಗಂಗಾವತಿಯಲ್ಲಿ ನಮ್ಮ ಅಕ್ಕನ ಮಗನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ ಸೀಸನ್ ಬಂತು ಅಂದ್ರೆ ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ. ಬೆಳಿಗ್ಗೆ ಸಾಣಾಪುರ ಕೆರೆ ಕಡೆ ಪ್ರಿ-ವೆಡ್ಡಿಂಗ್ ಶೂಟ್, ಮಧ್ಯಾಹ್ನ ಕಲ್ಯಾಣ ಮಂಟಪ, ರಾತ್ರಿ ಕೂತು ಎಲ್ಲವನ್ನೂ ಕಂಪ್ಯೂಟರ್‌ಗೆ ಸುರಿಯುವುದು. ವಿಡಿಯೋ ಎಲ್ಲ 4ಕೆ. ಮೆಷಿನ್ ಉಬುಂಟು. ನಾನೇ ಹಾಕಿಕೊಟ್ಟಿದ್ದು, ಹಾಗಾಗಿ ಏನೇ ಆದರೂ ಕೊಪ್ಪಳಕ್ಕೆ ನನಗೇ ಫೋನ್.

"ಮಾಮಾ, ರೂಟ್ ಫುಲ್ ಆಗೈತಿ ಅಂತ ತೋರ್ಸಾಕತ್ತೈತಿ. ಜಿಪಾರ್ಟೆಡ್ ತಗದೀನಿ, ಹೋಮ್ ಸಣ್ಣದು ಮಾಡಿ ರೂಟ್ ದೊಡ್ಡದು ಮಾಡ್ಲೇನು?"

"ತಡಿ ತಡಿ, ಕೈ ಹಚ್ಚಬ್ಯಾಡ" ಅಂದೆ.

ಪಾರ್ಟಿಷನ್ ಅಂದ್ರೆ ಡಿಸ್ಕನ್ನು ಹಂಚಿಟ್ಟ ಒಂದೊಂದು ತುಂಡು. ರೂಟ್ ಅನ್ನೋ ತುಂಡಿನಲ್ಲಿ ಸಿಸ್ಟಮ್, ಹೋಮ್ ಅನ್ನೋದರಲ್ಲಿ ನಮ್ಮ ಫೈಲುಗಳು. ಜಿಪಾರ್ಟೆಡ್ ಈ ತುಂಡುಗಳನ್ನು ಸಣ್ಣದು ದೊಡ್ಡದು ಮಾಡೋ ಪ್ರೋಗ್ರಾಂ. ಆವತ್ತು ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನೂ ಬಾಯಲ್ಲಿ ಹೇಳಿದ ಹಾಗೇ ಕನ್ನಡದಲ್ಲಿ ಇಟ್ಟಿದ್ದೇನೆ. ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ, ದೊಡ್ಡಕ್ಷರ ಅಂತ ಹೇಳಿದ ಕಡೆ ಬಿಟ್ಟು ಉಳಿದದ್ದೆಲ್ಲ ಸಣ್ಣಕ್ಷರ. ಕಮಾಂಡಿನ ಮೊದಲಿಗೆ ಸುಡೋ (ಅಡ್ಮಿನ್ ಅಧಿಕಾರದಲ್ಲಿ ನಡೆಸು ಅಂತ) ಹಾಕಬೇಕು ಅಂತ ಪ್ರತಿ ಸಲ ಹೇಳಲ್ಲ.

ಮೊದಲು ಲೆಕ್ಕ ನೋಡಿ

ಡಿಸ್ಕ್ ಹೇಗೆ ಹಂಚಿದೆ ಅಂತ ನೋಡೋಕೆ:

ಎಲ್‌ಎಸ್‌ಬಿಎಲ್‌ಕೆ

ಅವನದು 500 ಜಿಬಿ ಎಸ್‌ಎಸ್‌ಡಿ, ಲಿನಕ್ಸ್ ತೋರಿಸೋದು 465.8. ಮೋಸ ಏನಿಲ್ಲ. ಅಂಗಡಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ. ಅದರಲ್ಲಿ ಒಂದನೆಯದು ಬೂಟ್‌ಗೆ ಬೇಕಾದ ಅರ್ಧ ಜಿಬಿ, ಎರಡನೆಯದು ರೂಟ್ 40, ಮೂರನೆಯದು ಸ್ವಾಪ್ (ರ್‍ಯಾಮ್ ಸಾಲದಾಗ ಬಳಸೋ ಜಾಗ) 8, ನಾಲ್ಕನೆಯದು ಹೋಮ್, ಉಳಿದ 417 ಪೂರ್ತಿ. ಇದೇ ಸಾಲಿನಲ್ಲಿ, ಒಂದರ ಪಕ್ಕ ಒಂದು. ಈ ಸಾಲು ನೆನಪಿರಲಿ, ಆಮೇಲೆ ಬೇಕು.

ಜಾಗ ಎಷ್ಟು ತುಂಬಿದೆ ಅಂತ ನೋಡೋಕೆ ಡಿಎಫ್ -ಎಚ್. ರೂಟ್ ಒಟ್ಟು 39, ಬಳಸಿದ್ದು 37, ಉಳಿದದ್ದು ಸೊನ್ನೆ ಅಂತ ಬಂತು. 39ರಲ್ಲಿ 37 ಹೋದರೆ 2 ಉಳೀಬೇಕಲ್ವಾ? ಆ 2 ಜಿಬಿ ರೂಟ್ ಯೂಸರ್‌ಗೆ, ಅಂದ್ರೆ ಸಿಸ್ಟಮಿನ ಅಡ್ಮಿನ್‌ಗೆ ಮೀಸಲು. ಇಎಕ್ಸ್‌ಟಿ4 ಅನ್ನೋ ಫೈಲ್‌ಸಿಸ್ಟಮ್ (ಪಾರ್ಟಿಷನ್ ಒಳಗೆ ಫೈಲ್ ಜೋಡಿಸಿಡೋ ಪದ್ಧತಿ) ಮಾಡುವಾಗಲೇ 5% ತೆಗೆದಿಟ್ಟಿರುತ್ತದೆ. ಮೆಷಿನ್ ಇನ್ನೂ ಬೂಟ್ ಆಗುತ್ತಿದ್ದದ್ದು ಈ ಮೀಸಲಿನ ಪುಣ್ಯದಿಂದ.

ಈಗ ರೂಟಿನಲ್ಲಿ ನಿಜಕ್ಕೂ ಏನೇನಿದೆ ಅಂತ ತೂಗಿ ನೋಡಬೇಕು:

ಡಿಯು -ಎಕ್ಸ್ -ಎಸ್ -ಎಚ್ /

ಇಲ್ಲಿ ಎಕ್ಸ್ ಅಂದ್ರೆ ಬೇರೆ ಪಾರ್ಟಿಷನ್ ಒಳಗೆ ಕಾಲಿಡಬೇಡ ಅಂತ. ಅದು ಬಿಟ್ಟರೆ ಹೋಮ್, ಯುಎಸ್‌ಬಿ ಡಿಸ್ಕ್ ಎಲ್ಲ ಸೇರಿಸಿ ಎಣಿಸುತ್ತೆ. ಉತ್ತರ ಬಂತು: 18 ಜಿಬಿ.

ಡಿಎಫ್ 37 ಅಂತಿದೆ, ಡಿಯು 18 ಅಂತಿದೆ. 19 ಜಿಬಿ ಎಲ್ಲಿ? ಇಂಥ ಜಾಗದಲ್ಲಿ ಪಾರ್ಟಿಷನ್ ದೊಡ್ಡದು ಮಾಡಿದರೆ ರೋಗ ಹಾಗೇ ಉಳಿಯುತ್ತೆ, ಹಾಸಿಗೆ ಮಾತ್ರ ಉದ್ದ ಆಗುತ್ತೆ.

ಹೀಗಾಗೋಕೆ ಸಾಮಾನ್ಯವಾಗಿ ಕಾರಣ ಎರಡೇ. ಒಂದು, ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿರುತ್ತೆ. ಎಲ್‌ಎಸ್‌ಓಎಫ್ +ಎಲ್1 ಅಂತ ಹೊಡೆದರೆ ಗೊತ್ತಾಗುತ್ತೆ, ಇಲ್ಲಿ ಎಲ್ ದೊಡ್ಡಕ್ಷರ. ಆ ಪ್ರೋಗ್ರಾಂ ಮುಚ್ಚಿದರೆ ಜಾಗ ವಾಪಸ್. ನಮ್ಮ ಕೇಸಿನಲ್ಲಿ ಅದು ಖಾಲಿ ಬಂತು.

ತಾಡಪತ್ರಿ ಕೆಳಗಿನ ರಾಶಿ

ಎರಡನೇ ಕಾರಣ ಸ್ವಲ್ಪ ಮಜಾ ಇದೆ. ಮೌಂಟ್ ಪಾಯಿಂಟ್ ಅಂದ್ರೆ ಒಂದು ಸಾದಾ ಫೋಲ್ಡರ್. ಅದರ ಮೇಲೆ ಒಂದು ಡಿಸ್ಕ್ ಮೌಂಟ್ ಮಾಡಿದರೆ, ಅಂದ್ರೆ ಜೋಡಿಸಿದರೆ, ಡಿಸ್ಕಿನ ಒಳಗಿರೋದು ಕಾಣುತ್ತೆ, ಫೋಲ್ಡರಿನಲ್ಲಿ ಮೊದಲೇ ಇದ್ದದ್ದು ಮರೆಯಾಗುತ್ತೆ. ಭತ್ತದ ರಾಶಿ ಮೇಲೆ ತಾಡಪತ್ರಿ ಎಳೆದ ಹಾಗೆ. ರಾಶಿ ಎಲ್ಲೂ ಹೋಗಿಲ್ಲ, ಜಾಗ ಹಿಡಿದುಕೊಂಡೇ ಇದೆ, ಕಣ್ಣಿಗೆ ಬೀಳಲ್ಲ ಅಷ್ಟೆ.

ಅಳಿಯನ ಸ್ಟುಡಿಯೋದಲ್ಲಿ /ಎಂಎನ್‌ಟಿ/ಬ್ಯಾಕಪ್ ಅನ್ನೋ ಕಡೆ ಒಂದು ಯುಎಸ್‌ಬಿ ಡಿಸ್ಕ್ ಮೌಂಟ್ ಆಗಿರುತ್ತೆ. ರಾತ್ರಿ ಎರಡು ಗಂಟೆಗೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ನಡೆಸೋ ಪ್ರೋಗ್ರಾಂ) ಎದ್ದು ಫೋಟೋಗಳನ್ನು ಅದಕ್ಕೆ ಕಾಪಿ ಮಾಡುತ್ತೆ. ಒಂದು ಸಂಜೆ ಕೆಲಸದ ಹುಡುಗ ಯಾರೋ ಗಿರಾಕಿಗೆ ವಿಡಿಯೋ ಕೊಡೋಕೆ ಆ ಡಿಸ್ಕ್ ಕಿತ್ತುಕೊಂಡು ಹೋಗಿದ್ದಾನೆ. ಕ್ರಾನ್‌ಗೆ ಇದೆಲ್ಲ ಗೊತ್ತಾಗಲ್ಲ. ಫೋಲ್ಡರ್ ಇದೆ, ಬರೆಯೋಕೂ ಬಿಡುತ್ತೆ, ಯಾಕಂದ್ರೆ ಇವನು ಯಾವಾಗಲೋ ಅದಕ್ಕೆ 777 ಪರ್ಮಿಷನ್, ಅಂದ್ರೆ ಯಾರು ಬೇಕಾದರೂ ಬರೆಯಬಹುದು ಅಂತ, ಕೊಟ್ಟಿಟ್ಟಿದ್ದ. ಸುರೀತು, ರೂಟ್ ತುಂಬೋ ತನಕ ಸುರೀತು. ಬೆಳಿಗ್ಗೆ ಹುಡುಗ ಬಂದು ಡಿಸ್ಕ್ ವಾಪಸ್ ಚುಚ್ಚಿದ, ಮೌಂಟ್ ಆಯ್ತು, ಕೆಳಗಿನ 19 ಜಿಬಿ ಮುಚ್ಚಿಹೋಯ್ತು.

ತಾಡಪತ್ರಿ ತೆಗೆಯದೇ ಕೆಳಗೆ ಇಣುಕಿ ನೋಡೋಕೆ ಒಂದು ದಾರಿ ಇದೆ, ಬೈಂಡ್ ಮೌಂಟ್ ಅಂತ:

ಎಂಕೆಡಿಐಆರ್ /ಎಂಎನ್‌ಟಿ/ನೋಡು
ಮೌಂಟ್ --ಬೈಂಡ್ / /ಎಂಎನ್‌ಟಿ/ನೋಡು
ಡಿಯು -ಎಸ್ -ಎಚ್ /ಎಂಎನ್‌ಟಿ/ನೋಡು/ಎಂಎನ್‌ಟಿ/ಬ್ಯಾಕಪ್

ಬೈಂಡ್ ಮಾಡಿದಾಗ ರೂಟ್ ಪಾರ್ಟಿಷನ್ ಮಾತ್ರ ಬರುತ್ತೆ, ಅದರ ಮೇಲೆ ಕೂತ ಬೇರೆ ಮೌಂಟ್‌ಗಳು ಬರಲ್ಲ. 19 ಜಿಬಿ ಅಂತ ತೋರಿಸಿದಾಗ ಫೋನಿನ ಆ ಕಡೆಯಿಂದ "ಯಪ್ಪಾ" ಅಂತ ಕೇಳಿಸಿತು.

ಅಳಿಸುವಾಗ ದಾರಿ (ಫೋಲ್ಡರಿನ ಪೂರ್ತಿ ವಿಳಾಸ) ಎರಡು ಸಲ ಓದಿ. "ನೋಡು" ಅನ್ನೋದು ಬಿಟ್ಟುಹೋದರೆ ನಿಜವಾದ ಬ್ಯಾಕಪ್ ಡಿಸ್ಕೇ ಖಾಲಿಯಾಗುತ್ತೆ. ನಾನು ಅವನಿಗೆ ಮೊದಲು ಯುಎಸ್‌ಬಿ ಡಿಸ್ಕ್ ಅನ್‌ಮೌಂಟ್ ಮಾಡಿ ತಂತಿ ಕಿತ್ತಿಡು ಅಂದೆ, ಆಮೇಲೆ ಅಳಿಸು ಅಂದೆ. ಕಿತ್ತಿಟ್ಟ ಡಿಸ್ಕಿಗೆ ಯಾವ ಕಮಾಂಡೂ ತಾಗಲ್ಲ.

ಇದು ಮತ್ತೆ ಆಗದ ಹಾಗೆ ಒಂದು ಕೆಲಸ ಮಾಡಿ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಡಿಸ್ಕ್ ಮೌಂಟ್ ಆಗಿಲ್ಲದಾಗ, ಆ ಖಾಲಿ ಫೋಲ್ಡರ್‌ಗೆ:

ಸಿಎಚ್‌ಎಟಿಟಿಆರ್ +ಐ /ಎಂಎನ್‌ಟಿ/ಬ್ಯಾಕಪ್

ಅಷ್ಟೇ. ಇನ್ನು ಡಿಸ್ಕ್ ಇಲ್ಲದಿದ್ದರೆ ಆ ಫೋಲ್ಡರಿನಲ್ಲಿ ರೂಟ್ ಯೂಸರ್ ಕೂಡ ಒಂದು ಫೈಲ್ ಮಾಡೋಕಾಗಲ್ಲ. ಡಿಸ್ಕ್ ಮೌಂಟ್ ಆದಾಗ ಮಾಮೂಲಿ. ಬ್ಯಾಕಪ್ ಫೇಲ್ ಆದರೆ ಆಗಲಿ, ಬೆಳಿಗ್ಗೆ ಗೊತ್ತಾಗುತ್ತೆ.

ಹೊಸ ಡಿಸ್ಕ್, ಹಳೇ ದಾರಿ

ರೂಟಿನ ಕಥೆ ಮುಗೀತು, ಆದ್ರೆ ಹೋಮ್ ಕೂಡ 400ರ ಹತ್ತಿರ ತುಂಬಿತ್ತು. ಅದರಲ್ಲಿ ಫೋಟೋ, ವಿಡಿಯೋನೇ 350. ಇದು ನಿಜವಾದ ತುಂಬುವಿಕೆ, ಇದಕ್ಕೆ ಹೊಸ ಡಿಸ್ಕೇ ಬೇಕು. 4 ಟಿಬಿಯದು ತಂದ. ಹೊಸ ಡಿಸ್ಕನ್ನು ಡಿ ಡ್ರೈವ್ ಇ ಡ್ರೈವ್ ಥರ ಬೇರೆ ಎಲ್ಲೋ ಇಡೋದು ಬೇಡ. /ಹೋಮ್/ಸ್ಟುಡಿಯೋ/ಫೋಟೋ ಅನ್ನೋ ಹಳೇ ದಾರಿಯಲ್ಲೇ ಕೂರಿಸಿದರೆ ಯಾವ ಪ್ರೋಗ್ರಾಮಿಗೂ ಡಿಸ್ಕ್ ಬದಲಾಗಿದ್ದು ಗೊತ್ತಾಗಲ್ಲ. ಫೋಟೋ ತಿದ್ದೋಕೆ ಅವನು ಬಳಸೋ ಡಾರ್ಕ್‌ಟೇಬಲ್ ಪ್ರತಿ ಫೋಲ್ಡರಿನ ಪೂರ್ತಿ ದಾರಿ ತನ್ನ ಡೇಟಾಬೇಸಿನಲ್ಲಿ ಬರೆದಿಟ್ಟುಕೊಂಡಿರುತ್ತೆ. ದಾರಿ ಬದಲಾದರೆ ಒಂದೊಂದೇ ಫೋಲ್ಡರ್ ಎಲ್ಲಿದೆ ಅಂತ ತೋರಿಸುತ್ತಾ ಕೂರಬೇಕು.

ಡಿಸ್ಕ್ ಹಾಕಿದ ಮೇಲೆ ಯಾವುದು ಯಾವುದು ಅಂತ ಗುರುತಿಸಿ. ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಅನ್ನೋ ಹೆಸರು ನಂಬಬೇಡಿ, ಒಂದೊಂದು ಬೂಟ್‌ಗೆ ಒಂದೊಂದು ಥರ ಬರಬಹುದು. ಸೈಜ್ ಮತ್ತೆ ಮಾಡೆಲ್ ನೋಡಿ. 3.6 ಟಿ ಅಂತ ತೋರಿಸೋದೇ ಹೊಸ 4 ಟಿಬಿ. ನಮ್ಮಲ್ಲಿ ಅದು ಎಸ್‌ಡಿಸಿ ಆಗಿತ್ತು. ಪಾರ್ಟಿಷನ್ ಟೇಬಲ್, ಅಂದ್ರೆ ಯಾವ ತುಂಡು ಎಲ್ಲಿಂದ ಎಲ್ಲಿಗೆ ಅನ್ನೋ ಪಟ್ಟಿ, ಜಿಪಿಟಿ ಅನ್ನೋ ಥರದ್ದಾಗಿರಲಿ. ಹಳೇ ಎಂಬಿಆರ್ ಮಾಮೂಲಿ ಡಿಸ್ಕುಗಳಲ್ಲಿ 2 ಟಿಬಿ ತನಕ ಮಾತ್ರ ಕೆಲಸ ಮಾಡುತ್ತೆ, ಪ್ರೈಮರಿ ಪಾರ್ಟಿಷನ್ನೂ ನಾಲ್ಕೇ. ಇಡೀ ಡಿಸ್ಕಿಗೆ ಒಂದೇ ಪಾರ್ಟಿಷನ್ ಸಾಕು. ಸುಮ್ನೆ ನಾಲ್ಕು ತುಂಡು ಮಾಡೋದು ಹಳೇ ಚಟ, ಒಂದು ತುಂಬುತ್ತೆ, ಪಕ್ಕದ್ದು ಖಾಲಿ ಬಿದ್ದಿರುತ್ತೆ. ಪಾರ್ಟಿಷನ್ ಆದಮೇಲೆ ಫಾರ್ಮ್ಯಾಟ್:

ಎಂಕೆಎಫ್‌ಎಸ್.ಇಎಕ್ಸ್‌ಟಿ4 -ಎಂ 0 /ಡೆವ್/ಎಸ್‌ಡಿಸಿ1

ಎಂ ಮುಂದೆ ಸೊನ್ನೆ ಯಾಕೆ ಅಂದ್ರೆ, ಆಗ ಹೇಳಿದ 5% ಮೀಸಲು ಇಲ್ಲಿ 180 ಜಿಬಿಗೂ ಜಾಸ್ತಿ ಆಗುತ್ತೆ. ರೂಟ್ ಪಾರ್ಟಿಷನ್‌ಗೆ ಅದು ಬೇಕು, ಬರೀ ಫೋಟೋ ಇಡೋ ಡಿಸ್ಕಿಗೆ ಅಷ್ಟು ಬೇಡ. ಇನ್ನೊಂದು ಮಾತು, ಡಿಸ್ಕ್ ಎನ್‌ಟಿಎಫ್‌ಎಸ್ ಆಗಿ ಫಾರ್ಮ್ಯಾಟ್ ಆಗಿ ಬಂದಿದ್ದರೆ ಹಾಗೇ ಬಿಡಬೇಡಿ, ಲಿನಕ್ಸಿನ ಓನರ್, ಪರ್ಮಿಷನ್ ಅದರಲ್ಲಿ ಸರಿಯಾಗಿ ಉಳಿಯಲ್ಲ.

ಈಗ ಕಾಪಿ. ಹೊಸದನ್ನು ಸದ್ಯಕ್ಕೆ /ಎಂಎನ್‌ಟಿ/ಹೊಸದು ಅನ್ನೋ ಫೋಲ್ಡರಿನಲ್ಲಿ ಮೌಂಟ್ ಮಾಡಿಕೊಂಡು:

ಆರ್‌ಸಿಂಕ್ -ಎ --ಇನ್ಫೋ=ಪ್ರೋಗ್ರೆಸ್2 /ಹೋಮ್/ಸ್ಟುಡಿಯೋ/ಫೋಟೋ/ /ಎಂಎನ್‌ಟಿ/ಹೊಸದು/

ಫೋಟೋ ಆದಮೇಲೆ ಇರೋ ಕೊನೇ ಸ್ಲ್ಯಾಶ್ ಮರೀಬೇಡಿ. ಅದಿದ್ದರೆ ಫೋಲ್ಡರಿನ ಒಳಗಿನದು ಮಾತ್ರ ಹೋಗುತ್ತೆ, ಇಲ್ಲದಿದ್ದರೆ ಫೋಟೋ ಫೋಲ್ಡರೇ ಹೋಗಿ ಕೊನೆಗೆ ಫೋಟೋ ಒಳಗೆ ಫೋಟೋ ಆಗುತ್ತೆ. 350 ಜಿಬಿಗೆ ಒಂದು ಗಂಟೆ ಹಿಡಿಯಿತು. ಸಣ್ಣ ಫೈಲ್ ಜಾಸ್ತಿ ಇದ್ದರೆ ಇನ್ನೂ ಜಾಸ್ತಿ. ಈ ಹೊತ್ತಲ್ಲಿ ಕೆಲಸ ನಡೆಯುತ್ತಿದ್ದರೂ ಪರವಾಗಿಲ್ಲ. ಸಂಜೆ ಎಲ್ಲ ಮುಚ್ಚಿ, ಯಾರೂ ಏನೂ ಮುಟ್ಟದಿದ್ದಾಗ ಅದೇ ಕಮಾಂಡ್ ಇನ್ನೊಂದು ಸಲ, ಈ ಸಲ --ಡಿಲೀಟ್ ಮತ್ತು --ಎಕ್ಸ್‌ಕ್ಲೂಡ್=ಲಾಸ್ಟ್+ಫೌಂಡ್ ಸೇರಿಸಿ. ಹೊಸದಾಗಿ ಬಂದದ್ದು, ಬದಲಾದದ್ದು ಮಾತ್ರ ಹೋಗುತ್ತೆ, ಎರಡು ನಿಮಿಷದ ಕೆಲಸ. ಆ ಎಕ್ಸ್‌ಕ್ಲೂಡ್ ಯಾಕೆ ಅಂದ್ರೆ ಲಾಸ್ಟ್+ಫೌಂಡ್ ಫೋಲ್ಡರ್ ಹೊಸ ಡಿಸ್ಕಿನದೇ, ಹಳೇ ಕಡೆ ಇಲ್ಲ, ಡಿಲೀಟ್ ಅಂದರೆ ಆರ್‌ಸಿಂಕ್ ಅದನ್ನೂ ಗುಡಿಸಿಬಿಡುತ್ತೆ.

ಸರಿಯಾಗಿ ಬಂದಿದೆಯಾ ಅಂತ ನೋಡೋಕೆ ಅದಕ್ಕೇ -ಎನ್ -ಸಿ -ವಿ ಸೇರಿಸಿ ರಾತ್ರಿ ಓಡಿಸಿ ಮಲಗಿ. ಎನ್ ಅಂದ್ರೆ ಏನೂ ಬರೆಯಬೇಡ, ಸಿ ಅಂದ್ರೆ ಪ್ರತಿ ಫೈಲಿನ ಒಳಗಿನದನ್ನು ಓದಿ ಹೋಲಿಸು. ಬೆಳಿಗ್ಗೆ ಫೈಲ್ ಹೆಸರು ಒಂದೂ ಬಂದಿರಬಾರದು.

ಆಮೇಲೆ ಹಳೇ ಫೋಟೋ ಫೋಲ್ಡರಿನ ಹೆಸರು ಫೋಟೋ.ಓಲ್ಡ್ ಅಂತ ಬದಲಿಸಿ. ಅಳಿಸಬೇಡಿ, ಹೆಸರು ಮಾತ್ರ. ಖಾಲಿ ಫೋಟೋ ಫೋಲ್ಡರ್ ಹೊಸದಾಗಿ ಮಾಡಿ, ಅದಕ್ಕೂ ಸಿಎಚ್‌ಎಟಿಟಿಆರ್ +ಐ ಹೊಡೆದುಬಿಡಿ.

ಎಫ್‌ಎಸ್‌ಟ್ಯಾಬ್‌ನ ಒಂದು ಸಾಲು

ಬೂಟ್ ಆದಾಗೆಲ್ಲ ತಾನೇ ಮೌಂಟ್ ಆಗೋಕೆ /ಈಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಬೇಕು. ತಿದ್ದುವ ಮೊದಲು ಅದರದೊಂದು ಕಾಪಿ ಇಟ್ಟುಕೊಳ್ಳಿ. ಅದಕ್ಕೆ ಯುಯುಐಡಿ, ಅಂದ್ರೆ ಆ ಪಾರ್ಟಿಷನ್ನಿನ ಗುರುತಿನ ನಂಬರ್ ಬೇಕಲ್ವಾ, ಬಿಎಲ್‌ಕೆಐಡಿ ಅಂತ ಹೊಡೆದರೆ ಸಿಗುತ್ತೆ. ಅದನ್ನು ಕಾಪಿ ಪೇಸ್ಟ್ ಮಾಡಿ, ಕೈಯಲ್ಲಿ ಟೈಪ್ ಮಾಡಬೇಡಿ, 32 ಅಕ್ಷರದಲ್ಲಿ ಒಂದು ತಪ್ಪಿದರೂ ಮೌಂಟ್ ಆಗಲ್ಲ. ಸಾಲು ಹೀಗಿರುತ್ತೆ:

ಯುಯುಐಡಿ=ಇಲ್ಲಿ-ನಿಮ್ಮದು /ಹೋಮ್/ಸ್ಟುಡಿಯೋ/ಫೋಟೋ ಇಎಕ್ಸ್‌ಟಿ4 ಡೀಫಾಲ್ಟ್ಸ್,ನೋಎಟೈಮ್,ನೋಫೇಲ್ 0 2

ಮೊದಲನೇ ಯುಯುಐಡಿ ಅನ್ನೋದು ಮಾತ್ರ ದೊಡ್ಡಕ್ಷರ. ಕೊನೇ ಎರಡು ಅಂಕಿಯಲ್ಲಿ ಸೊನ್ನೆ ಹಳೇ ಡಂಪ್ ಪ್ರೋಗ್ರಾಮಿಗೆ, ಈಗ ಯಾರೂ ಬಳಸಲ್ಲ. 2 ಅಂದ್ರೆ ಬೂಟ್‌ನಲ್ಲಿ ರೂಟ್ ಚೆಕ್ ಆದಮೇಲೆ ಇದನ್ನು ಚೆಕ್ ಮಾಡು ಅಂತ, ರೂಟಿಗೆ ಮಾತ್ರ 1. ನೋಫೇಲ್ ತಪ್ಪಿಸಲೇಬೇಡಿ. ಅದಿಲ್ಲದೆ ಒಂದು ದಿನ ಡಿಸ್ಕ್ ಕೇಬಲ್ ಸಡಿಲ ಆಯ್ತು ಅನ್ನಿ, ಮೆಷಿನ್ ಒಂದೂವರೆ ನಿಮಿಷ ಕಾಯುತ್ತೆ, ಆಮೇಲೆ ಎಮರ್ಜೆನ್ಸಿ ಮೋಡ್ ಅಂತ ಕಪ್ಪು ಪರದೆ ತೋರಿಸಿ ಕೂತುಬಿಡುತ್ತೆ. ಅಂಗಡಿ ಬಾಗಿಲಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆ ಜನ ನಿಂತಿರುವಾಗ ಇದು ಬೇಕಾ?

ಉಳಿಸಿ ತಕ್ಷಣ ರೀಬೂಟ್ ಮಾಡಬೇಡಿ. ಮೊದಲು ಫೈಂಡ್‌ಎಂಎನ್‌ಟಿ --ವೆರಿಫೈ, ಅದು ಸಾಲಿನ ತಪ್ಪು ಹಿಡಿದುಕೊಡುತ್ತೆ. ಆಮೇಲೆ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್. ಆಮೇಲೆ /ಎಂಎನ್‌ಟಿ/ಹೊಸದು ಅನ್‌ಮೌಂಟ್ ಮಾಡಿ, ಮೌಂಟ್ -ಎ. ಬೈಗುಳ ಬರದೆ ಫೋಟೋ ಕಂಡರೆ ಮಾತ್ರ ರೀಬೂಟ್. ಅನ್‌ಮೌಂಟ್ ಮಾಡುವಾಗ ಟಾರ್ಗೆಟ್ ಬ್ಯುಸಿ ಅಂತ ಬಂದರೆ ಎಫ್‌ಯುಎಸ್‌ಇಆರ್ -ವಿ -ಎಂ ಅಂತ ಹಾಕಿ ದಾರಿ ಕೊಟ್ಟರೆ ಯಾರು ಹಿಡಿದಿದ್ದಾರೆ ಅಂತ ಹೇಳುತ್ತೆ. ಹತ್ತರಲ್ಲಿ ಒಂಬತ್ತು ಸಲ ನಿಮ್ಮದೇ ಟರ್ಮಿನಲ್ ಆ ಫೋಲ್ಡರಿನಲ್ಲಿ ನಿಂತಿರುತ್ತೆ.

ಫೋಟೋ ಅಲ್ಲದೆ ಇಡೀ ಹೋಮ್ ಸಾಗಿಸೋದಿದ್ದರೆ ವಿಧಾನ ಇದೇ, ಆದ್ರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಮಾಡಿ, ಆರ್‌ಸಿಂಕ್‌ಗೆ ದೊಡ್ಡಕ್ಷರದ ಎಚ್, ಎ, ಎಕ್ಸ್ ಮೂರೂ ಸೇರಿಸಿ.

ನಿಜಕ್ಕೂ ಕತ್ತರಿಸಲೇಬೇಕು ಅಂದ್ರೆ

ಕೆಲವು ಸಲ ರೂಟ್ ನಿಜಕ್ಕೂ ಸಾಲಲ್ಲ. ಆಗ ಈ ಕ್ರಮ ತಪ್ಪಬಾರದು: ದೊಡ್ಡದು ಮಾಡುವಾಗ ಮೊದಲು ಪಾರ್ಟಿಷನ್, ಆಮೇಲೆ ಫೈಲ್‌ಸಿಸ್ಟಮ್. ಸಣ್ಣದು ಮಾಡುವಾಗ ಮೊದಲು ಫೈಲ್‌ಸಿಸ್ಟಮ್, ಆಮೇಲೆ ಪಾರ್ಟಿಷನ್. ಉಲ್ಟಾ ಮಾಡಿದರೆ ಬಾಲ ಕತ್ತರಿಸಿ ಹೋಗುತ್ತೆ. ಜಿಪಾರ್ಟೆಡ್ ಈ ಕ್ರಮ ತಾನೇ ನೋಡಿಕೊಳ್ಳುತ್ತೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಹರಿಯೋ ನೀರಿನಲ್ಲೇ ಸ್ಟಾಪ್ ಲಾಗ್ (ತಾತ್ಕಾಲಿಕ ಗೇಟ್) ಇಳಿಸಿದ್ದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ಅಂಥ ಕೆಲಸ ಇಎಕ್ಸ್‌ಟಿ4 ಅರ್ಧ ಮಾತ್ರ ಮಾಡುತ್ತೆ. ಮೌಂಟ್ ಆಗಿರುವಾಗಲೇ ಹಿಗ್ಗುತ್ತೆ, ಕುಗ್ಗಬೇಕಾದರೆ ಅನ್‌ಮೌಂಟ್ ಮಾಡಲೇಬೇಕು. ಎಕ್ಸ್‌ಎಫ್‌ಎಸ್ ಅನ್ನೋ ಇನ್ನೊಂದು ಫೈಲ್‌ಸಿಸ್ಟಮ್ ಆದರೆ ಕುಗ್ಗಿಸೋ ಆಸೆ ಬಿಟ್ಟು ಕಾಪಿ ಮಾಡಿಕೊಂಡು ಹೊಸದಾಗಿ ಮಾಡಿ.

ಆ ಸಾಲು ನೆನಪಿದೆಯಲ್ಲ, ರೂಟ್, ಸ್ವಾಪ್, ಹೋಮ್. ರೂಟ್ ಪಕ್ಕದಲ್ಲೇ ಸ್ವಾಪ್ ಇರೋದರಿಂದ ಹೋಮ್ ಮುಟ್ಟದೇ 8 ಜಿಬಿ ಸಿಗುತ್ತೆ. ಮೊದಲು ಪಾರ್ಟಿಷನ್ ಟೇಬಲಿನ ಕಾಪಿ ಪೆನ್‌ಡ್ರೈವ್‌ಗೆ: ಎಸ್‌ಎಫ್‌ಡಿಸ್ಕ್ -ಡಿ /ಡೆವ್/ಎಸ್‌ಡಿಎ ಹೊಡೆದು ಬಂದದ್ದನ್ನು ಒಂದು ಫೈಲಿಗೆ ಹಾಕಿ. ಸ್ವಾಪ್‌ಆಫ್ -ಎ, ಎಫ್‌ಎಸ್‌ಟ್ಯಾಬ್‌ನಲ್ಲಿ ಸ್ವಾಪ್ ಸಾಲು ತೆಗೆಯಿರಿ, ಮೂರನೇ ಪಾರ್ಟಿಷನ್ ಅಳಿಸಿ, ಆಮೇಲೆ:

ಗ್ರೋಪಾರ್ಟ್ /ಡೆವ್/ಎಸ್‌ಡಿಎ 2
ರೀಸೈಜ್2ಎಫ್‌ಎಸ್ /ಡೆವ್/ಎಸ್‌ಡಿಎ2

ಎಸ್‌ಡಿಎ ಮತ್ತು 2ರ ನಡುವೆ ಮೊದಲ ಸಾಲಿನಲ್ಲಿ ಜಾಗ ಇದೆ, ಎರಡನೆಯದರಲ್ಲಿ ಇಲ್ಲ, ನೋಡಿಕೊಳ್ಳಿ. ಸ್ವಾಪ್‌ಗೆ ಹೋಮ್‌ನಲ್ಲಿ 4 ಜಿಬಿಯ ಒಂದು ಫೈಲ್ ಮಾಡಿ, 600 ಪರ್ಮಿಷನ್ ಕೊಟ್ಟು ಎಂಕೆಸ್ವಾಪ್, ಸ್ವಾಪ್‌ಆನ್, ಎಫ್‌ಎಸ್‌ಟ್ಯಾಬ್‌ಗೆ ಅದರದೊಂದು ಸಾಲು. /ಈಟಿಸಿ/ಇನಿಟ್‌ರ್‍ಯಾಮ್‌ಎಫ್‌ಎಸ್-ಟೂಲ್ಸ್ ಒಳಗೆ ರೆಸ್ಯೂಮ್ ಅನ್ನೋ ಫೈಲಿನಲ್ಲಿ ಹಳೇ ಸ್ವಾಪ್‌ನ ಯುಯುಐಡಿ ಇದ್ದರೆ ತೆಗೆದು, ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್ -ಯು ಹೊಡೆಯಿರಿ. ಇಲ್ಲದಿದ್ದರೆ ಪ್ರತಿ ಬೂಟ್‌ನಲ್ಲೂ ಇಲ್ಲದ ಸ್ವಾಪ್‌ಗೆ ಕಾಯುತ್ತಾ ನಿಲ್ಲುತ್ತೆ.

8 ಜಿಬಿಯೂ ಸಾಲದಿದ್ದರೆ ಹೋಮ್‌ನ ತಲೆ ಕಡೆಯಿಂದ ಜಾಗ ತೆಗೀಬೇಕು. ಜಿಪಾರ್ಟೆಡ್‌ನಲ್ಲಿ ಎಳೆದು ಸರಿಸಬಹುದು, ಆದ್ರೆ ಸರಿಸೋದು ಅಂದ್ರೆ ಒಳಗಿರೋದನ್ನೆಲ್ಲ ಒಂದು ಕಡೆಯಿಂದ ಎತ್ತಿ ಪಕ್ಕಕ್ಕೆ ಇಡೋದು. ಗಂಟೆಗಟ್ಟಲೆ ಹಿಡಿಯುತ್ತೆ, ನಡುವೆ ನಿಲ್ಲಿಸೋಕಾಗಲ್ಲ. ನಾನು ಹಿಂದೊಮ್ಮೆ ಏಪ್ರಿಲ್‌ನಲ್ಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ, ಯುಪಿಎಸ್ ಇಲ್ಲದೆ ಇದನ್ನೇ ಮಾಡೋಕೆ ಹೋಗಿ, ಮುಕ್ಕಾಲು ಭಾಗ ಆದಾಗ ಕರೆಂಟ್ ಹೋಯ್ತು. ಕಳೆದ ಫೈಲ್ ಹುಡುಕಿಕೊಡೋ ಫೋಟೋರೆಕ್ ಹಾಕಿ ಎಷ್ಟೋ ಫೋಟೋ ವಾಪಸ್ ತೆಗೆದೆ, ಆದ್ರೆ ಅದು ಫೈಲ್ ಹೆಸರು ಉಳಿಸಲ್ಲ. ಅಕ್ಕನ ಸೀಮಂತದ ಫೋಟೋ, ಯಾವುದೋ ವೆಬ್‌ಸೈಟಿನ ಚಿಕ್ಕ ಐಕಾನ್, ಎಲ್ಲ ಒಂದೇ ಮೂಟೆಯಲ್ಲಿ. ಅದನ್ನು ಹಸನು ಮಾಡೋಕೆ ಒಂದು ವಾರ ಬೇಕಾಯಿತು.

ಅದಕ್ಕೇ ಈಗ ಸರಿಸೋಕೆ ಹೋಗಲ್ಲ. ಫೋಟೋ.ಓಲ್ಡ್ ಅಳಿಸಿದ ಮೇಲೆ ಹೋಮ್‌ನಲ್ಲಿ ಉಳಿಯೋದು ಐವತ್ತು ಜಿಬಿ ಅಷ್ಟೆ. ಲೈವ್ ಪೆನ್‌ಡ್ರೈವ್‌ನಲ್ಲಿ ಎದ್ದು ಅದನ್ನು ಹೊಸ ಡಿಸ್ಕಿಗೆ ಕಾಪಿ ಮಾಡಿ, ಹೋಮ್ ಪಾರ್ಟಿಷನ್ ಅಳಿಸಿ, ಸ್ವಲ್ಪ ಮುಂದಿನಿಂದ ಶುರುವಾಗೋ ಹಾಗೆ ಹೊಸದು ಮಾಡಿ, ವಾಪಸ್ ಕಾಪಿ ಮಾಡಿದರಾಯಿತು. ನಡುವೆ ಕರೆಂಟ್ ಹೋದರೂ ಒಂದು ಕಡೆ ಪೂರ್ತಿ ಕಾಪಿ ಇದ್ದೇ ಇರುತ್ತೆ. ಹೊಸ ಪಾರ್ಟಿಷನ್‌ಗೆ ಹೊಸ ಯುಯುಐಡಿ ಬಂದಿರುತ್ತೆ, ಎಫ್‌ಎಸ್‌ಟ್ಯಾಬ್‌ನಲ್ಲಿ ಅದನ್ನು ಬದಲಿಸೋದು ಮರೀಬೇಡಿ.

ಅಳಿಯ ಹತ್ತು ದಿನ ಬಿಟ್ಟು ಫೋನ್ ಮಾಡಿದ. ಎರಡು ಮದುವೆ ಆಲ್ಬಮ್ ಹೊಸ ಡಿಸ್ಕಿನಿಂದಲೇ ಮುಗಿಸಿದ್ದ, ನಡುವೆ ನಾಲ್ಕು ಸಲ ರೀಬೂಟ್ ಕೂಡ ಆಗಿತ್ತು.

"ಮಾಮಾ, ಫೋಟೋ.ಓಲ್ಡ್ ತಗದ್ ಬಿಡ್ಲೇನು?"

"ಯುಎಸ್‌ಬಿ ಬ್ಯಾಕಪ್ ನಿನ್ನೆ ರಾತ್ರಿ ಆಗೈತೇನು?"

"ಆಗೈತಿ, ತಾರೀಖು ನೋಡೀನಿ."

"ಹಂಗಾದ್ರ ತಗಿ."

ಎಸ್‌ಎಸ್‌ಡಿಯಲ್ಲಿ ಅಷ್ಟು ದೊಡ್ಡದು ಅಳಿಸಿದ ಮೇಲೆ ಎಫ್‌ಎಸ್‌ಟ್ರಿಮ್ -ಎ -ವಿ ಒಂದು ಸಲ ಹೊಡೆಯಿರಿ, ಖಾಲಿಯಾದ ಜಾಗ ಯಾವುದು ಅಂತ ಡಿಸ್ಕಿಗೂ ತಿಳಿಯುತ್ತೆ. ಉಬುಂಟುವಿನಲ್ಲಿ ಅದು ವಾರಕ್ಕೊಮ್ಮೆ ತಾನೇ ಆಗುತ್ತೆ, ಕಾಯೋ ತಾಳ್ಮೆ ಇದ್ದರೆ ಅದೂ ಬೇಡ.